ನೀನು ಮಣ್ಣು ಎಂದು ಹೇಳುವ ಕೆಲಸ

ಹೊಸದಾಗಿ ಉಪದೇಶಿ ಕೆಲಸಕ್ಕೆ ಸೇರಿದವರು ಒಮ್ಮೊಮ್ಮೆ ಶೆಟ್ಟಿಹಳ್ಳಿಯ ನಮ್ಮ ಮನೆ ಹುಡುಕಿಕೊಂಡು ಬರುತ್ತಾರೆ. ತರಬೇತಿ ಮುಗಿಸಿರುತ್ತಾರೆ, ನನಗಿಂತ ಚೆನ್ನಾಗಿ ಬೈಬಲ್ ಓದಿಕೊಂಡಿರುತ್ತಾರೆ, ಮೊಬೈಲಿನಲ್ಲಿ ಪ್ರಾರ್ಥನೆಗಳನ್ನೆಲ್ಲ ತುಂಬಿಕೊಂಡಿರುತ್ತಾರೆ. ಕಾಫಿ ಕುಡಿಯುತ್ತ ಈ ಕೆಲಸದಲ್ಲಿ ಕಷ್ಟದ್ದು ಯಾವುದು ಎಂದು ಕೇಳುತ್ತಾರೆ. ಸಾವಿನ ಮನೆ ಎನ್ನುತ್ತೇನೆ, ಇಲ್ಲವೇ ಗಂಡ ಹೆಂಡಿರ ಜಗಳ ಎನ್ನುತ್ತೇನೆ ಎಂದು ಅವರ ನಿರೀಕ್ಷೆ. ನಾನು ವಿಭೂತಿ ಬುಧವಾರ ಎನ್ನುತ್ತೇನೆ. ಮುದುಕ ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡು ನಗುತ್ತಾರೆ.

ಉಪದೇಶಿ ಎಂದರೆ ಪಾದ್ರಿಯಲ್ಲ. ಹೆಂಡತಿ ಮಕ್ಕಳಿರುವ ಸಂಸಾರಸ್ಥ. ಮಕ್ಕಳಿಗೆ ಜಪ ಕಲಿಸುವುದು, ಮದುವೆಗೆ ಮುಂಚೆ ಗಂಡು ಹೆಣ್ಣನ್ನು ಕೂರಿಸಿ ಮಾತನಾಡಿಸುವುದು, ಕಾಯಿಲೆಯವರ ಮನೆಗೆ ಹೋಗಿ ಬರುವುದು, ಫಾದರ್ ಬರಲಾಗದ ಊರಿಗೆ ಬಸ್ಸು ಹತ್ತಿ ಹೋಗಿ ಪ್ರಾರ್ಥನೆ ನಡೆಸುವುದು ನಮ್ಮ ಕೆಲಸ. ನನ್ನ ಪಾಲಿಗೆ ಬಂದದ್ದು ತುಮಕೂರು ಪೇಟೆ, ಗುಬ್ಬಿ, ಕುಣಿಗಲ್. ಗುಬ್ಬಿಯಲ್ಲೂ ಕುಣಿಗಲ್ಲಿನಲ್ಲೂ ನಮ್ಮವರು ಕಡಿಮೆ. ಗುಬ್ಬಿಯಲ್ಲಿ ಶೀಟು ಹೊದಿಸಿದ ಒಂದು ಪ್ರಾರ್ಥನಾ ಹಾಲ್ ಇತ್ತು, ಅಷ್ಟೇ.

ಆ ಗುಬ್ಬಿಯ ಫಿಲೋಮಿನಾ ಎಂಬ ಹೆಣ್ಣುಮಗಳ ವಿಷಯ ಹೇಳಬೇಕೆಂದೇ ಇದನ್ನು ಬರೆಯಲು ಕೂತೆ. ಎರಡು ಮಕ್ಕಳನ್ನು ಹುಟ್ಟುವ ಮೊದಲೇ ಕಳೆದುಕೊಂಡು ಮೂರನೆಯದನ್ನು ಹೊತ್ತಿದ್ದ ಅವಳು, ಹಣೆಗೆ ಬೂದಿ ಹಚ್ಚಿಸಿಕೊಳ್ಳಬೇಕೋ ಬೇಡವೋ ಎಂಬ ಪ್ರಶ್ನೆ ಒಂದು ವರ್ಷ ನನ್ನ ಕೊರಳಿಗೆ ಬಿದ್ದಿತ್ತು. ಆದರೆ ನಮ್ಮ ಬೂದಿಯ ಕಥೆ ಗೊತ್ತಿಲ್ಲದವರಿಗೆ ಅವಳ ಕಷ್ಟ ಅರ್ಥವಾಗುವುದಿಲ್ಲ. ಹಾಗಾಗಿ ಮೊದಲು ಬೂದಿ.

ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳನ್ನು ನಾವು ತಪಸ್ಸು ಕಾಲ ಎನ್ನುತ್ತೇವೆ. ಅದು ಶುರುವಾಗುವುದು ಒಂದು ಬುಧವಾರ, ಅದೇ ವಿಭೂತಿ ಬುಧವಾರ. ಅಂದು ಚರ್ಚಿಗೆ ಬಂದವರೆಲ್ಲ ಸಾಲಾಗಿ ಮುಂದೆ ಬರುತ್ತಾರೆ, ಹಣೆಯ ಮೇಲೆ ಹೆಬ್ಬೆರಳಿನಿಂದ ಬೂದಿಯ ಶಿಲುಬೆ ಎಳೆಯುತ್ತೇವೆ. ಬೂದಿ ಎಲ್ಲಿಂದ ಬರುತ್ತದೆ ಎಂದು ನಮ್ಮವರನ್ನೇ ಕೇಳಿ, ಅರ್ಧ ಜನ ಬಾಯಿ ಬಿಡುತ್ತಾರೆ. ಹಿಂದಿನ ವರ್ಷ ಈಸ್ಟರ್‌ಗೆ ಮುಂಚಿನ ಗರಿಗಳ ಭಾನುವಾರ ಯೇಸುವಿಗೆ ಜೈಕಾರ ಹಾಕುವ ಮೆರವಣಿಗೆಯಲ್ಲಿ ಹಿಡಿದಿದ್ದ ಗರಿಗಳನ್ನು ಮನೆಗೆ ಒಯ್ದು ಯೇಸುವಿನ ಪಟದ ಹಿಂದೆ ಸಿಕ್ಕಿಸಿರುತ್ತೇವಲ್ಲ, ಒಣಗಿ ಕಡ್ಡಿಯಾದ ಆ ಗರಿಗಳನ್ನೇ ವಾಪಸ್ ತರಿಸಿ ಸುಡುವುದು. ವರ್ಷದ ಹಿಂದೆ ಜೈ ಅಂದ ಕೈಯ ಗರಿಯೇ ಈ ವರ್ಷ ಹಣೆಗೆ ಮಸಿ. ಇದನ್ನು ಕಟ್ಟಿದವರು ದಡ್ಡರಲ್ಲ.

ವಾಪಸ್ ತರಿಸುವುದೇ ಒಂದು ಸಾಹಸ. ಕೆಲವರು ಮರೆಯುತ್ತಾರೆ, ಕೆಲವರ ಮನೆಯಲ್ಲಿ ಇಲಿ ಕಡಿದಿರುತ್ತದೆ. ಬಟವಾಡಿಯಲ್ಲಿ ಒಬ್ಬ ಆಟೋ ಡ್ರೈವರ್, ನಮ್ಮವನೇ, ಗರಿಯಲ್ಲಿ ಹೆಣೆದ ಶಿಲುಬೆಯನ್ನು ಕನ್ನಡಿಗೆ ಕಟ್ಟಿಕೊಂಡಿದ್ದ. ಕೇಳಿದರೆ, ಅದಿರುವುದರಿಂದಲೇ ಗಾಡಿ ಯಾವುದಕ್ಕೂ ತಾಗಿಲ್ಲ, ಬೇಕಾದರೆ ಎರಡು ಹೊರೆ ಹಸಿ ಗರಿ ತಂದುಕೊಡುತ್ತೇನೆ, ಇದನ್ನು ಮಾತ್ರ ಕೇಳಬೇಡಿ ಎಂದ. ನಾನೂ ಒತ್ತಾಯ ಮಾಡಲಿಲ್ಲ. ಆಟೋದಲ್ಲಿ ಕೂತಿದ್ದವನು ನಾನೇ.

ಗರಿಯನ್ನು ಹಳೆಯ ಬಾಂಡ್ಲಿಯಲ್ಲಿ ಹಾಕಿ ಸುಡಬೇಕು. ಸೀಮೆಎಣ್ಣೆ ಮುಟ್ಟಿಸಬಾರದು, ವಾಸನೆ ಹೋಗುವುದಿಲ್ಲ. ತೆಂಗಿನ ಗರಿ ಹೆಚ್ಚಿದ್ದರೆ ಬೂದಿ ಹಗುರ, ಹಣೆಯಿಂದ ಉದುರಿ ಮೂಗಿನ ಮೇಲೆ ಕೂರುತ್ತದೆ. ಈಚಲು ಗರಿ ಬೆರೆತರೆ ವಾಸಿ. ತಣ್ಣಗಾದ ಮೇಲೆ ಹಳೆ ಪಂಚೆಯಲ್ಲಿ ಸೋಸಬೇಕು. ತಣ್ಣಗಾಗಿದೆ ಎಂದು ಕಣ್ಣಿಗೆ ಕಂಡರೆ ಸಾಲದು; ಬೂದಿ ಮುಚ್ಚಿದ ಕೆಂಡ ಎಂಬ ಮಾತು ಗಾದೆ ಮಾತ್ರ ಎಂದುಕೊಂಡವನೊಬ್ಬ ನನ್ನ ಪಂಚೆಗೆ ತೂತು ಮಾಡಿದ್ದಾನೆ. ಕೊನೆಗೆ ಒಂದೆರಡು ತೊಟ್ಟು ಕೊಬ್ಬರಿ ಎಣ್ಣೆ. ನೀರು ಮಾತ್ರ ಬೇಡ.

ನೀರು ಏಕೆ ಬೇಡ ಎಂಬುದನ್ನು ಕುಣಿಗಲ್ಲಿನವರು ಕಲಿಸಿದರು. ಒಂದು ವರ್ಷ ಅಲ್ಲಿಗೆ ಹೊಸದಾಗಿ ಬಂದ ಫಾದರ್ ಒಬ್ಬರು ಪೂಜೆಗೆ ಹೋದರು, ಜೊತೆಗೆ ನಾನು. ಬೂದಿಯನ್ನು ಮಂತ್ರಿಸಿ ತೀರ್ಥ ಚಿಮುಕಿಸುವುದು ಪದ್ಧತಿ. ಅವರಿಗೆ ಹುರುಪು ಜಾಸ್ತಿ, ಚಿಮುಕಿಸುವ ಬದಲು ಸುರಿದುಬಿಟ್ಟರು. ಬೂದಿ ಕೆಸರಾಯಿತು. ಆಮೇಲೆ ಅವರ ಉಪದೇಶ, ಅದು ಸಣ್ಣದಲ್ಲ. ಅಷ್ಟು ಹೊತ್ತು ನೆನೆದ ಬೂದಿ ಸುಣ್ಣದಂತೆ ಸುಡುವ ಗುಣ ಪಡೆಯಿತು. ಹಚ್ಚಿಸಿಕೊಂಡವರಿಗೆ ಸಂಜೆಗೆ ತುರಿಕೆ, ಬೆಳಿಗ್ಗೆ ಹೊತ್ತಿಗೆ ಹಣೆಯ ಮೇಲೆ ಕೆಂಪು ಶಿಲುಬೆ. ತೊಳೆದರೂ ಹೋಗದು.

ನಮ್ಮವರು ಇದನ್ನು ಪವಾಡವೆಂದು ತೀರ್ಮಾನಿಸಿದರು. ಪಾಪ ಹೆಚ್ಚಿದ್ದವರಿಗೆ ಗುರುತು ಹೆಚ್ಚು ದಿನ ನಿಲ್ಲುತ್ತದೆ ಎಂದು ಯಾರೋ ಹೇಳಿದ್ದೇ ತಡ, ಗಂಡಂದಿರು ಹೆಂಡಿರ ಹಣೆ ನೋಡುವುದು, ಓರಗಿತ್ತಿಯರು ಒಬ್ಬರ ಹಣೆಯನ್ನೊಬ್ಬರು ಅಳೆಯುವುದು ಶುರುವಾಯಿತು. ಆ ಭಾನುವಾರ ಎಲ್ಲರಿಗಿಂತ ಕೆಂಪಗೆ ಹೊಳೆಯುತ್ತಿದ್ದ ಶಿಲುಬೆ ಫಾದರ್ ಹಣೆಯದು. ಅವರಿಗೆ ಮೊದಲು ಹಚ್ಚಿದ್ದು ನಾನೇ, ಸ್ವಲ್ಪ ದಪ್ಪಗೆ. ಅಂದು ಅವರು ಉಪದೇಶವನ್ನು ಬೇಗ ಮುಗಿಸಿದರು.

ಈ ಊರುಗಳಲ್ಲಿ ಒಂದು ಅನುಕೂಲವಿದೆ. ಹಣೆಯ ಮೇಲೆ ಬೂದಿ ಕಂಡರೆ ಇಲ್ಲಿ ಯಾರೂ ಗಾಬರಿಯಾಗುವುದಿಲ್ಲ. ತುಮಕೂರಿನ ಬಸ್ ಸ್ಟ್ಯಾಂಡಿನಲ್ಲಿ ನಿಂತರೆ ಮೂರು ಪಟ್ಟೆ ವಿಭೂತಿಯ ಹಣೆಗಳು ಎಷ್ಟು ಬೇಕಾದರೂ ಕಾಣುತ್ತವೆ. ಅವರದು ಬಿಳಿ, ಸ್ನಾನ ಮಾಡಿ ದಿನವೂ ಇಟ್ಟುಕೊಳ್ಳುವುದು, ಶುಭ. ನಮ್ಮದು ಕಪ್ಪು, ವರ್ಷಕ್ಕೊಮ್ಮೆ, ಶೋಕದ್ದು. ಹೆಸರು ಮಾತ್ರ ಎರಡಕ್ಕೂ ವಿಭೂತಿಯೇ. ಕುಣಿಗಲ್ ಬಸ್ಸಿನಲ್ಲಿ ಪಕ್ಕದ ಯಜಮಾನರೊಬ್ಬರು ನನ್ನ ಹಣೆಯನ್ನು ಬಹಳ ಹೊತ್ತು ನೋಡಿ, ನಿಮ್ಮ ಮಠದಲ್ಲಿ ವಿಭೂತಿ ಚೆನ್ನಾಗಿ ಸುಟ್ಟಿಲ್ಲ, ಇನ್ನೊಂದು ಸಲ ಸುಟ್ಟರೆ ಬೆಳ್ಳಗಾಗುತ್ತದೆ ಎಂದು ಕಾಳಜಿಯಿಂದ ಹೇಳಿದರು. ನಾನು ಫಾದರ್‌ಗೆ ತಿಳಿಸುತ್ತೇನೆ ಎಂದೆ.

ನಮ್ಮವರೇ ಹೆಚ್ಚು ಕಷ್ಟ ಕೊಡುತ್ತಾರೆ. ಮರಳೂರಿನ ಬ್ಯಾಂಕ್ ಉದ್ಯೋಗಿಯೊಬ್ಬರು ಕೂದಲಿನ ಅಂಚಿನಲ್ಲಿ ಚಿಕ್ಕದಾಗಿ ಹಾಕಿ ಎನ್ನುತ್ತಿದ್ದರು. ಕೆಲವರು ಗೇಟು ದಾಟುವ ಮೊದಲೇ ಕರ್ಚೀಫು ತೆಗೆಯುತ್ತಾರೆ. ಕೆಲವರು ಮರುದಿನವೂ ಮುಖ ತೊಳೆಯುವುದಿಲ್ಲ. ಅಂದು ಓದುವ ಶುಭಸಂದೇಶದಲ್ಲೋ, ಉಪವಾಸ ಮಾಡುವಾಗ ಮುಖ ತೊಳೆದುಕೊಳ್ಳಿ, ಜನರಿಗೆ ತೋರಿಸಿಕೊಳ್ಳಬೇಡಿ ಎಂದಿದೆ. ಅದನ್ನು ಓದಿ ಮುಗಿಸಿದ ಬಾಯಲ್ಲೇ ಬನ್ನಿ ಮುಖಕ್ಕೆ ಬೂದಿ ಹಚ್ಚುತ್ತೇವೆ ಎನ್ನುತ್ತೇವೆ. ಜಪದ ಕ್ಲಾಸಿನಲ್ಲಿ ಮಕ್ಕಳು ಇದನ್ನು ತಪ್ಪದೆ ಕೇಳುತ್ತಾರೆ. ಸರಿಯಾದ ಉತ್ತರ ನನಗೆ ಇಂದಿಗೂ ಸಿಕ್ಕಿಲ್ಲ. ಅದಾಗಿಯೇ ಹೋಗುವವರೆಗೆ ಇರಲಿ, ಒರೆಸಲೂ ಬೇಡಿ ಕಾಪಾಡಲೂ ಬೇಡಿ ಎಂದು ಹೇಳುತ್ತ ಬಂದೆ.

ಇನ್ನು ಹೇಳುವ ಮಾತು. ಕಷ್ಟ ಇರುವುದು ಅಲ್ಲಿ. ಹೆಬ್ಬೆರಳು ಹಣೆಗೆ ತಾಗಿಸಿ, ನೀನು ಮಣ್ಣು, ಮರಳಿ ಮಣ್ಣಿಗೇ ಸೇರುವೆ ಎಂಬುದನ್ನು ನೆನಪಿಡು ಎನ್ನಬೇಕು. ಇದಕ್ಕೆ ಬದಲಾಗಿ, ಮನಸ್ಸು ತಿರುಗಿಸಿ ಶುಭಸಂದೇಶವನ್ನು ನಂಬು ಎಂದೂ ಹೇಳಬಹುದು. ಎರಡಕ್ಕೂ ಒಪ್ಪಿಗೆಯಿದೆ. ಪಾದ್ರಿ ಮಂತ್ರಿಸಿ ಕೊಟ್ಟ ಬೂದಿಯನ್ನು ನಮ್ಮಂಥವರು ಒಯ್ದು ಹಚ್ಚುವುದಕ್ಕೂ ಒಪ್ಪಿಗೆಯಿದೆ. ಹೀಗಾಗಿ ಗುಬ್ಬಿಯಲ್ಲಿ ವರ್ಷಕ್ಕೊಮ್ಮೆ ಗೊತ್ತಿರುವ ಪ್ರತಿಯೊಬ್ಬರ ಮುಖ ನೋಡಿ ನೀನು ಸಾಯುತ್ತೀಯ ಎಂದು ಹೇಳುವ ಕೆಲಸ ನನ್ನದಾಗಿತ್ತು. ಬೇರೆ ಯಾವ ದಿನ ಹೇಳಿದರೂ ಹೊಡೆತ ಬೀಳುವ ಮಾತು.

ರಾಯಪ್ಪ ಎಂಬ ಮುದುಕರಿದ್ದರು, ಹಣೆ ಒಡ್ಡಿ ಪೂರ್ತಿ ಕೇಳಿಸಿಕೊಂಡು, ಪ್ರತಿ ವರ್ಷ "ಗೊತ್ತು ಬುಡಪ್ಪ" ಎನ್ನುತ್ತಿದ್ದರು. ಅವರಂಥವರಿಗೆ ಹೇಳುವುದು ಸುಲಭ. ಕೈಗೂಸನ್ನು ಎತ್ತಿಕೊಂಡು ಬಂದು ಇದಕ್ಕೂ ಹಚ್ಚಿ ಎನ್ನುವ ತಾಯಂದಿರು ಬಂದಾಗ ನಾಲಿಗೆ ತಡವರಿಸುತ್ತದೆ. ನಾನು ಮಕ್ಕಳಿಗೆ ಎರಡನೆಯ ಮಾತು ಹೇಳುತ್ತಿದ್ದೆ. ನಮ್ಮ ದೊಡ್ಡ ಫಾದರ್ ಒಮ್ಮೆ ಕೇಳಿಸಿಕೊಂಡು, ಹಾಲು ಕುಡಿಯುವ ಕೂಸಿಗೆ ಮನಸ್ಸು ತಿರುಗಿಸು ಎನ್ನುತ್ತೀಯಲ್ಲ, ಅದು ಯಾವ ಪಾಪ ಮಾಡಿದೆ, ಅದಕ್ಕಿಂತ ನೀನು ಮಣ್ಣು ಎನ್ನುವುದೇ ನಿಜ ಎಂದು ಬೈದರು. ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆದರೂ ನಾನು ಬದಲಾಯಿಸಲಿಲ್ಲ.

ದೊಡ್ಡ ಫಾದರ್ ಎಂದು ಕರೆಯುತ್ತಿದ್ದುದು ವಯಸ್ಸಿಗೆ. ನಿಯಮದ ಮನುಷ್ಯ, ಊಟ ನಿದ್ದೆ ಎಲ್ಲ ಗಂಟೆ ಹೊಡೆದಂತೆ. ಬಡವರ ಮನೆಗೆ ನಡೆದೇ ಹೋಗುತ್ತಿದ್ದರು. ಒಳ್ಳೆಯವರು, ಆದರೆ ಪುಸ್ತಕದಲ್ಲಿ ಇಲ್ಲದ್ದು ಅವರ ಕೈಯಿಂದ ಹೊರಡುತ್ತಿರಲಿಲ್ಲ.

ಫಿಲೋಮಿನಾ ಕುಣಿಗಲ್ ಹುಡುಗಿ, ನನ್ನ ಹತ್ತಿರವೇ ಜಪ ಕಲಿತವಳು. ಗುಬ್ಬಿಯ ನರ್ಸರಿ ಶಾಲೆಗೆ ಟೀಚರ್ ಆಗಿ ಬಂದು, ಅಲ್ಲೇ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟಿದ್ದ ಮಹೇಶ ಎಂಬ ಲಿಂಗಾಯತರ ಹುಡುಗನನ್ನು ಮೆಚ್ಚಿ ಮದುವೆಯಾದಳು. ಬಿಷಪ್ಪರ ಅನುಮತಿ ಪಡೆದು ಚರ್ಚಿನಲ್ಲೂ, ಆಮೇಲೆ ಅವರ ಪದ್ಧತಿಯಲ್ಲೂ ಮದುವೆ ನಡೆಯಿತು. ಮನೆಯಲ್ಲಿ ಮಹೇಶನ ತಾಯಿ ಗಂಗಮ್ಮ ಒಬ್ಬರೇ. ಬೆಳಿಗ್ಗೆ ಲಿಂಗಪೂಜೆಯಾಗದೆ ಹನಿ ನೀರು ಕುಡಿಯದ ಹೆಂಗಸು. ಅತ್ತೆ ಸೊಸೆ ಜಗಳವಾಡಿದ್ದನ್ನು ಯಾರೂ ಕೇಳಿಲ್ಲ. ನಗುನಗುತ್ತ ಮಾತನಾಡಿದ್ದನ್ನೂ ಕೇಳಿಲ್ಲ. ಒಂದೇ ಅಡುಗೆಮನೆಯಲ್ಲಿ ಇಬ್ಬರೂ ಮರ್ಯಾದೆಯಿಂದ ಇದ್ದರು.

ಮದುವೆಯಾದ ಮರುವರ್ಷ ಅವಳು ವಿಭೂತಿ ಬುಧವಾರಕ್ಕೆ ಬಂದಳು, ನಾನೇ ಹಚ್ಚಿದೆ. ಆಗ ಅವಳಿಗೆ ಎರಡು ತಿಂಗಳು. ಏಳನೆಯ ತಿಂಗಳಲ್ಲಿ ಮಗು ಹೊಟ್ಟೆಯಲ್ಲೇ ಹೋಯಿತು. ಅವಳನ್ನು ತುಮಕೂರಿನ ಆಸ್ಪತ್ರೆಯಲ್ಲಿ ಮಲಗಿಸಿದ್ದರು. ಮಹೇಶ ನನ್ನ ಹತ್ತಿರ ಬಂದು, ಮಗುವನ್ನು ನಿಮ್ಮ ಸ್ಮಶಾನದಲ್ಲಿ ಪ್ರಾರ್ಥನೆ ಮಾಡಿಸಿ ಮಣ್ಣು ಮಾಡಬೇಕು, ಅವಳಿಗೆ ಅದರಿಂದ ಸಮಾಧಾನವಾಗುತ್ತದೆ ಎಂದ. ನಾನು ದೊಡ್ಡ ಫಾದರ್ ಹತ್ತಿರ ಓಡಿದೆ. ಜ್ಞಾನಸ್ನಾನವಾಗದ ಮಗು, ಬೇಕಾದರೆ ಮೂಲೆಯಲ್ಲಿ ಜಾಗ ಕೊಡೋಣ, ಪ್ರಾರ್ಥನೆ ಆಗುವುದಿಲ್ಲ ಎಂದರು. ತಂದೆ ತಾಯಿ ಜ್ಞಾನಸ್ನಾನ ಮಾಡಿಸುವ ಮನಸ್ಸಿನಲ್ಲಿದ್ದರೆ ಬಿಷಪ್ಪರ ಒಪ್ಪಿಗೆಯಿಂದ ಪ್ರಾರ್ಥನೆ ಮಾಡಬಹುದು ಎಂದು ಅವರ ನಂತರ ವರ್ಗವಾಗಿ ಬಂದ ಫಾದರ್ ಆಮೇಲೆ ಹೇಳಿದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಇದಕ್ಕೇ. ಪ್ರಾರ್ಥನೆ ಆಗುವುದಿಲ್ಲ ಎಂಬ ಮಾತನ್ನು ಮಹೇಶನಿಗೆ ತಿಳಿಸಬೇಕಾದವನು ನಾನು. ಉಪದೇಶಿಯ ಕೆಲಸದಲ್ಲಿ ಇದೂ ಸೇರಿದೆ, ಹೊಸಬರು ತಿಳಿದಿರಲಿ. ಅವನು ತಲೆಯಾಡಿಸಿ ಹೋದ. ಮಗುವನ್ನು ಅವರ ಹೊಲದಲ್ಲೇ ಮಣ್ಣು ಮಾಡಿದರು ಎಂದು ಕೇಳಿದೆ.

ಎರಡನೆಯ ಸಲ ಕೊರೋನಾ ಕಾಲ. ಆಗ ಪದ್ಧತಿಯೇ ಬದಲಾಯಿತು. ಹಣೆ ಮುಟ್ಟಬಾರದು, ಒಬ್ಬೊಬ್ಬರಿಗೂ ಮಾತು ಹೇಳಬಾರದು, ಎಲ್ಲರಿಗೂ ಸೇರಿಸಿ ಒಮ್ಮೆ ಹೇಳಿ, ಮಾಸ್ಕ್ ಹಾಕಿಕೊಂಡು, ಮೌನವಾಗಿ ನೆತ್ತಿಯ ಮೇಲೆ ಬೂದಿ ಉದುರಿಸಬೇಕು ಎಂದು ರೋಮಿನಿಂದಲೇ ಆದೇಶ ಬಂತು. ಉಪ್ಪು ಉದುರಿಸಿದ ಹಾಗೆ ಉದುರಿಸುತ್ತ ಹೋದೆ. ನನಗೇನೋ ಹಗುರವಾಯಿತು, ಯಾರ ಮುಖವನ್ನೂ ನೋಡಿ ಹೇಳಬೇಕಾಗಿರಲಿಲ್ಲ. ಆ ವರ್ಷವೂ ಫಿಲೋಮಿನಾ ಬಸುರಿ, ಸಾಲಿನಲ್ಲಿ ಬಂದು ನೆತ್ತಿಗೆ ಬೂದಿ ಹಾಕಿಸಿಕೊಂಡಳು. ಆರನೆಯ ತಿಂಗಳಲ್ಲಿ ಆ ಮಗುವೂ ಹೋಯಿತು. ಈ ಸಲ ಮಹೇಶ ಚರ್ಚಿನವರನ್ನು ಏನೂ ಕೇಳಲಿಲ್ಲ. ಮರುವರ್ಷ ವಿಭೂತಿ ಬುಧವಾರಕ್ಕೆ ಅವಳು ಬರಲಿಲ್ಲ, ನಾನೂ ಏಕೆಂದು ವಿಚಾರಿಸಲಿಲ್ಲ.

ಅದರ ಮುಂದಿನ ವರ್ಷ. ಮತ್ತೆ ಹಣೆಗೆ ಹಚ್ಚುವ ಪದ್ಧತಿ ಬಂದಿತ್ತು. ದೊಡ್ಡ ಫಾದರ್ ವರ್ಗವಾಗಿ, ವಯಸ್ಸಿನಲ್ಲಿ ನನ್ನ ಮಗನಂತಿದ್ದ ಫಾದರ್ ಬಂದಿದ್ದರು. ಬುಧವಾರಕ್ಕೆ ಮುಂಚಿನ ಭಾನುವಾರ ಗುಬ್ಬಿಯ ಪ್ರಾರ್ಥನಾ ಹಾಲಿನಲ್ಲಿ ಹಳೆ ಗರಿಗಳನ್ನು ಚೀಲಕ್ಕೆ ತುಂಬುತ್ತಿದ್ದೆ, ಗಂಗಮ್ಮ ಬಂದು ಬಾಗಿಲಲ್ಲಿ ನಿಂತರು. ಅವರು ಅಲ್ಲಿಗೆ ಬಂದದ್ದು ಅದೇ ಮೊದಲು. ಚಪ್ಪಲಿ ಬಿಟ್ಟು ಒಳಗೆ ಬಂದು, ಬೆಂಚು ತೋರಿಸಿದರೂ ಕೂರದೆ, ಸೊಸೆಗೆ ಎಂಟನೆಯ ತಿಂಗಳು ಬಿದ್ದಿದೆ ಎಂದರು. ಹೋದ ವರ್ಷ ನಿಮ್ಮ ಬೂದಿ ಹಚ್ಚಿಸಿಕೊಳ್ಳಲಿಲ್ಲ, ಈ ಸಲದ ಬಸಿರು ನಿಂತಿದೆ, ಈಗ ನೋಡಿದರೆ ಹಚ್ಚಿಸಿಕೊಂಡೇ ತೀರುತ್ತೇನೆ ಎಂದು ಹಠ ಹಿಡಿದಿದ್ದಾಳೆ, ನೀವು ಇಲ್ಲ ಅಂದುಬಿಡಿ ಎಂದರು.

ಬೂದಿಗೂ ಮಗು ಹೋದದ್ದಕ್ಕೂ ಸಂಬಂಧವಿಲ್ಲ ಎಂದು ನಾನು ಹೇಳಿದೆ. ಎರಡನೆಯ ಸಲ ಅವಳಿಗೆಂದು ಆ ಮಾತನ್ನು ಹೇಳಿಯೇ ಇರಲಿಲ್ಲ ಎಂದೂ ಹೇಳಿದೆ. ಹೇಳಿದರೂ ಅಷ್ಟೇ ಹೇಳದಿದ್ದರೂ ಅಷ್ಟೇ ಅಂದಮೇಲೆ ಈ ಒಂದು ಸಲ ಬಿಡುವುದಕ್ಕೆ ನಿಮಗೇನು ಕಷ್ಟ ಎಂದು ಅವರು ತಿರುಗಿ ಕೇಳಿದರು. ವಕೀಲರಿಗೂ ಹೊಳೆಯದ ಪ್ರಶ್ನೆ.

ಅವರ ಮನೆತನದಲ್ಲಿ ಎಂಟನೆಯ ತಿಂಗಳಿಗೆ ಮಠದ ಅಯ್ಯನವರನ್ನು ಕರೆಸಿ, ಹೊಟ್ಟೆಯೊಳಗಿನ ಮಗುವಿಗೆಂದು ತಾಯಿಗೆ ಲಿಂಗ ಕಟ್ಟಿಸಿ, ಹೊಟ್ಟೆಗೆ ವಿಭೂತಿ ಹಚ್ಚುವ ಪದ್ಧತಿಯಿದೆ. ಮೊದಲಿನ ಎರಡೂ ಅಲ್ಲಿಯವರೆಗೆ ಬರಲೇ ಇಲ್ಲ. ಬರುವ ಸೋಮವಾರಕ್ಕೆ ಅಯ್ಯನವರಿಗೆ ಹೇಳಿಯಾಗಿತ್ತು. ಗಂಗಮ್ಮ ಅದನ್ನೆಲ್ಲ ಹೇಳಿ ಕೊನೆಗೆ ಅಂದರು:

"ನಾವು ಬದುಕ್ಲಿ ಅಂತ ಹೊಟ್ಟೆಗೆ ವಿಭೂತಿ ಹಚ್ತೀವಿ. ನೀವು ಸಾಯ್ತೀಯ ಅಂತ ಹಣೆಗೆ ಹಚ್ತೀರ. ಒಂದೇ ಮೈಗೆ ಎರಡೂ ಹೆಂಗೆ ಹಚ್ಚೋದು ಸ್ವಾಮಿ?"

ಫಾದರ್‌ನ ಕೇಳಿ ಹೇಳುತ್ತೇನೆ ಎಂದೆ. ಉತ್ತರ ಗೊತ್ತಿಲ್ಲದ ಉಪದೇಶಿಗೆ ಇರುವ ದೊಡ್ಡ ಅನುಕೂಲ ಅದು.

ಚಿಕ್ಕ ಫಾದರ್ ಪೂರ್ತಿ ಕೇಳಿದರು. ಬೂದಿ ಹಚ್ಚಿಸಿಕೊಳ್ಳಲೇಬೇಕು ಎಂಬ ಕಟ್ಟಳೆ ಇಲ್ಲ, ಬಿಟ್ಟರೆ ಪಾಪವೂ ಅಲ್ಲ, ಅವಳಿಗೆ ಇದನ್ನು ತಿಳಿಸಿ ಎಂದರು. ಆದರೆ ಸಾಲಿನಲ್ಲಿ ಬಂದು ನಿಂತವರಿಗೆ ಇಲ್ಲ ಎನ್ನುವ ಅಧಿಕಾರ ನಿಮಗೂ ಇಲ್ಲ ನನಗೂ ಇಲ್ಲ ಎಂದೂ ಸೇರಿಸಿದರು. ಅಡ್ಡಗೋಡೆಯ ಮೇಲೆ ದೀಪ ಇಟ್ಟರು ಎಂದು ಅಂದು ಅನ್ನಿಸಿತು. ಈಗ ನೋಡಿದರೆ ಅದಕ್ಕಿಂತ ನೆಟ್ಟಗೆ ಹೇಳಲು ಬರುತ್ತಿರಲಿಲ್ಲ.

ಮಂಗಳವಾರ ಗುಬ್ಬಿಗೆ ಹೋದೆ. ಫಿಲೋಮಿನಾ ಶಾಲೆಗೆ ರಜೆ ಹಾಕಿ ಮನೆಯಲ್ಲಿದ್ದಳು. ಗಂಗಮ್ಮ ಒಳಗೆ ರೊಟ್ಟಿ ತಟ್ಟುತ್ತಿದ್ದರು. ಬಲವಂತವಿಲ್ಲವಮ್ಮ, ಫಾದರೇ ಹೇಳಿದ್ದಾರೆ, ಮನೆಯಲ್ಲೇ ಒಂದು ಜಪ ಮಾಡಿಕೋ ಸಾಕು ಎಂದೆ. ಅವಳು ತಲೆ ತಗ್ಗಿಸಿ ಕೇಳಿಸಿಕೊಂಡಳು. ನಾನು ಬಂದ ಕೆಲಸವಾಯಿತು ಎಂದುಕೊಂಡೆ.

"ಈ ಸಲ ತಪ್ಪಿಸ್ಕೊಂಡು ಮಗು ಉಳೀತು ಅಂದ್ಕೊಳ್ಳಿ," ಎಂದಳು. "ಆಗ ಆ ಎರಡನ್ನೂ ಬೂದಿ ಹಚ್ಚಿಸ್ಕೊಂಡು ನಾನೇ ಸಾಯಿಸ್ದೆ ಅಂತ ಆಗಲ್ವಾ? ಅದನ್ನ ಇಟ್ಕೊಂಡು ಈ ಮಗೂನ ಹೆಂಗೆ ಸಾಕ್ಲಿ?"

ಒಳಗೆ ರೊಟ್ಟಿ ತಟ್ಟುವ ಸದ್ದು ನಿಂತಿತು. ಅವಳು ದನಿ ಏರಿಸದೆ ಅಡುಗೆಮನೆಯ ಕಡೆ ತಿರುಗಿ, "ಸೋಮವಾರದ್ದಕ್ಕೆ ನಾನು ಬ್ಯಾಡ ಅನ್ಲಿಲ್ಲ ಅತ್ತೆ. ನಾಳೇದಕ್ಕೆ ನೀವು ಬ್ಯಾಡ ಅನ್ಬೇಡಿ," ಎಂದಳು. ಸ್ವಲ್ಪ ಹೊತ್ತಿಗೆ ರೊಟ್ಟಿ, ಹುಚ್ಚೆಳ್ಳು ಚಟ್ನಿ ಬಂತು. ತಿಂದು ಎದ್ದೆ.

ಮುಂದಿನದನ್ನು ಓದುವ ಮೊದಲು ಒಂದು ವಿಷಯ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಅದೊಂದನ್ನೇ ಹುಡುಕಿಕೊಂಡು ಓದುತ್ತೀರಿ. ಮೂರನೆಯ ಮಗು ಉಳಿಯಿತು. ಹೆಣ್ಣು. ಈಗ ಅಮ್ಮನ ನರ್ಸರಿಗೇ ಹೋಗುತ್ತಿದೆ, ತಂಟೆಕೋರಿ. ಇದು ಹೊಟ್ಟೆಗೆ ಹಚ್ಚಿದ್ದರಿಂದಲೋ ಹಣೆಗೆ ಹಚ್ಚಿದ್ದರಿಂದಲೋ ಡಾಕ್ಟರ ಚುಚ್ಚುಮದ್ದಿನಿಂದಲೋ ಎಂದು ಕೇಳಬೇಡಿ. ನಾನು ಹೇಳಹೊರಟಿರುವುದು ಅದಲ್ಲ.

ಬುಧವಾರ ಸಂಜೆ ಹಾಲಿನಲ್ಲಿ ಎಂದಿನಷ್ಟು ಜನ. ಫಿಲೋಮಿನಾ ಗಂಡನ ಜೊತೆ ಬರುತ್ತಾಳೆಂದುಕೊಂಡಿದ್ದೆ, ಅತ್ತೆಯ ಜೊತೆ ಬಂದಳು. ಗಂಗಮ್ಮ ಹಿಂದಿನ ಗೋಡೆಗೆ ಒರಗಿ ನೆಲದ ಮೇಲೆ ಕೂತರು. ವಾಚನ ಓದಿದೆ, ಎರಡು ಮಾತು ಹೇಳಿದೆ, ಏನು ಹೇಳಿದೆನೋ ನೆನಪಿಲ್ಲ. ನಂತರ ಬೂದಿಯ ಬಟ್ಟಲು ಹಿಡಿದು ನಿಂತೆ. ಸಾಲು ಬಂತು. ಸಾಲಿನ ಕೊನೆಗಿಂತ ಸ್ವಲ್ಪ ಮುಂದೆ ಫಿಲೋಮಿನಾ ಎದ್ದಳು. ಅವಳು ಎದ್ದದ್ದನ್ನು ನೋಡಿ ಗಂಗಮ್ಮನೂ ಎದ್ದು, ಅವಳ ಹಿಂದೆಯೇ ಬಂದು ನಿಂತರು. ತಡೆಯಲು ಬಂದರೋ, ಬಿದ್ದರೆ ಹಿಡಿಯಲು ಬಂದರೋ ನನಗೆ ತಿಳಿಯಲಿಲ್ಲ.

ಅತ್ತ ದರಿ ಇತ್ತ ಪುಲಿ ಎನ್ನುವಂಥ ಸ್ಥಿತಿಯಲ್ಲಿ ನಾನು ನನ್ನ ಹಳೆಯ ಉಪಾಯವನ್ನೇ ಹಿಡಿದೆ. ಹೆಬ್ಬೆರಳು ಅದ್ದಿ, ಅವಳ ಹಣೆಗೆ ತಾಗಿಸಿ, ಮನಸ್ಸು ತಿರುಗಿಸಿ ಎಂದು ಶುರುಮಾಡಿದೆ. ಅವಳು ನನ್ನ ಮಣಿಕಟ್ಟು ಹಿಡಿದಳು.

"ಅದಲ್ಲ. ಇನ್ನೊಂದು ಹೇಳಿ."

ಹೇಳಿದೆ. ಜೀವಮಾನದಲ್ಲಿ ಎಷ್ಟೋ ಹಣೆಗಳಿಗೆ ಹೇಳಿದ ಮಾತು. ಎಂಟು ತಿಂಗಳ ಬಸುರಿಯ ಮುಖ ನೋಡಿ, ಅವಳ ಅತ್ತೆಯ ಕಣ್ಣೆದುರು ಹೇಳುವಾಗ ಮಣ್ಣು ಎಂಬ ಶಬ್ದ ಸರಿಯಾಗಿ ಹೊರಡಲಿಲ್ಲ. ಶಿಲುಬೆ ಎಳೆದು ಕೈ ತೆಗೆದೆ. ಅವಳು ಪಕ್ಕಕ್ಕೆ ಸರಿಯಬೇಕಾಗಿತ್ತು, ಸರಿಯಲಿಲ್ಲ.

"ಅವೆರಡ್ರ ಪರವಾಗಿ ಇನ್ನೊಂದ್ಸಲ ಹಚ್ಚಿ," ಎಂದಳು. "ಅವುಕ್ಕೆ ಯಾರೂ ಏನೂ ಹೇಳ್ಲಿಲ್ಲ. ಇಲ್ಲಿ ಬ್ಯಾಡ ಅಂದ್ರು. ಅಲ್ಲಿ ಹೊಲಕ್ಕೆ ಬರಿಮೈಯಲ್ಲಿ ಒಯ್ದು ಮಣ್ಣಿಗೆ ಹಾಕಿದ್ರು. ಒಂದು ಚೂರು ಬೂದೀನೂ ಸಿಗ್ಲಿಲ್ಲ ಅವುಕ್ಕೆ."

ಆಗ ನನಗೆ ಅರ್ಥವಾಯಿತು, ಇವಳು ಬಂದಿರುವುದು ತನ್ನ ಹಣೆಗಲ್ಲ. ಇಷ್ಟು ವರ್ಷ ಮನುಷ್ಯರನ್ನು ಹೆದರಿಸುವ ಮಾತು ಎಂದು ನಾನು ತಿಳಿದಿದ್ದುದು, ಅವಳಿಗೆ ಮನುಷ್ಯರೆಂದು ಲೆಕ್ಕಕ್ಕೆ ಹಿಡಿಯುವ ಮಾತಾಗಿತ್ತು. ಮಣ್ಣಿಗೆ ಸೇರುವೆ ಎಂದು ಹೇಳಿಸಿಕೊಳ್ಳಲು ಮೊದಲು ಯಾರೋ ಆಗಿರಬೇಕಲ್ಲ. ಇದಕ್ಕೆ ಪುಸ್ತಕದಲ್ಲಿ ಏನಿದೆ ಎಂದು ಯೋಚಿಸುವಷ್ಟರಲ್ಲಿ ಅವಳ ಹೆಗಲ ಹಿಂದಿನಿಂದ ಗಂಗಮ್ಮನ ದನಿ ಬಂತು. ಸಣ್ಣ ದನಿ.

"ಬರಿಮೈಯಲ್ಲಿ ಹಾಕ್ಲಿಲ್ಲ ಕಣೇ."

ಫಿಲೋಮಿನಾ ತಿರುಗಿದಳು.

"ಹಣೆಗೆ, ಎದೆಗೆ, ಎರಡೂ ತೋಳಿಗೆ ನಾನೇ ವಿಭೂತಿ ಹಚ್ಚಿದೀನಿ. ಇಬ್ರಿಗೂವೆ. ನನ್ನ ಮದ್ವೆ ಸೀರೆ ಹರ್ದು ಸುತ್ತಿದೀನಿ. ಗಂಡಸ್ರು ಇಳಿಸ್ತೀವಿ ಅಂದ್ರು, ಬ್ಯಾಡ ಅಂದು ನಾನೇ ಗುಂಡಿಗೆ ಇಳ್ದು ಮಲಗ್ಸಿದೀನಿ."

"ನಂಗ್ಯಾಕೆ ಹೇಳ್ಲಿಲ್ಲ ಅತ್ತೆ?"

"ನೀನು ಕೇಳ್ತೀಯ ಅಂತ ಕಾಯ್ತಿದ್ದೆ. ನೀನು ಕೇಳ್ಲಿಲ್ಲ. ಕೇಳ್ದೆ ಇದ್ದೋಳಿಗೆ ಹೆಂಗೆ ಹೇಳೋದು."

ಹಿಂದೆ ಸಾಲಿನಲ್ಲಿದ್ದವರು ನಿಂತಲ್ಲೇ ನಿಂತಿದ್ದರು. ಎಷ್ಟೋ ವರ್ಷ ನಡೆಸಿದ ಪ್ರಾರ್ಥನೆಯಲ್ಲಿ ನಾನು ಸಾಲನ್ನು ನಿಲ್ಲಿಸಿದ್ದು ಅದೊಂದೇ ಸಲ. ನನ್ನ ಕಣ್ಣಲ್ಲಿ ನೀರು ಬಂದಿತ್ತು, ಕೈಯೆಲ್ಲ ಮಸಿಯಾದ್ದರಿಂದ ಒರೆಸಿಕೊಳ್ಳಲೂ ಆಗಲಿಲ್ಲ. ಫಿಲೋಮಿನಾ ಏನೋ ಕೇಳಲು ಬಾಯಿ ತೆರೆದು, ಮುಚ್ಚಿ, ಮತ್ತೆ ತೆರೆದಳು. ಆಸ್ಪತ್ರೆಯಲ್ಲಿ ಅವಳಿಗೆ ಮಕ್ಕಳನ್ನು ತೋರಿಸಿರಲಿಲ್ಲ ಎಂಬುದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

"ಮುಖ ಹೆಂಗಿತ್ತು ಅತ್ತೆ?"

ಗಂಗಮ್ಮ ಸೊಸೆಯ ಹಣೆಯ ಮೇಲಿನ ಕಪ್ಪು ಗುರುತನ್ನು ಒಂದು ಗಳಿಗೆ ನೋಡಿದರು.

"ದೊಡ್ಡೋಳು ನಿನ್ನಂಗೆ," ಎಂದರು. "ಚಿಕ್ಕೋನು ನಮ್ಮ ಮಹೇಶ."